ಕಂಪ್ಯೂಟರ್ ತಾನಾಗಿಯೇ ರೀಸ್ಟಾರ್ಟ್ ಆದಾಗ
(ವಿದ್ಯಾರ್ಥಿ ಶಿಬಿರದಲ್ಲಿ ನೀಡಿದ ಭಾಷಣ)



ಗೇಮ್ ಆಡುವಾಗ ನಿಮ್ಮ ಕಂಪ್ಯೂಟರ್ ಪದೇ ಪದೇ ರೀಸ್ಟಾರ್ಟ್ ಆಗುತ್ತಿದೆಯೇ? ಹೊಸ ಗ್ರಾಫಿಕ್ಸ್ ಕಾರ್ಡ್ ಬೇಕೆಂದು ತಂದೆಯವರಲ್ಲಿ ಹಠ ಹಿಡಿಯುವ ಮೊದಲು ಯೋಚಿಸಿ. ಅದು ಅವರ ಬೆವರಿನ ದುಡಿಮೆ. ದುಂದುವೆಚ್ಚ ಇಸ್ಲಾಮಿನಲ್ಲಿ ಸಲ್ಲದು.

ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್-ಪವರ್ 41’ ಎಂದು ಕಂಡರೆ, ಯಂತ್ರ ಸರಿಯಾಗಿ ಶಟ್‌ಡೌನ್ ಆಗಿಲ್ಲ ಎಂದಷ್ಟೇ ಅರ್ಥ. ಕಾರಣವನ್ನು ನೀವೇ ಹುಡುಕಬೇಕು.

ಮೊದಲು ಪ್ಲಗ್ ತೆಗೆದು ಫ್ಯಾನ್, ಹೀಟ್‌ಸಿಂಕ್‌ಗಳ ಧೂಳು ತೆಗೆಯಿರಿ. ಆಟದ ವೇಳೆ ಪ್ರೊಸೆಸರ್‌ನ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದರೆ ಕೂಲಿಂಗ್ ಸಾಲದೆಂದು ತಿಳಿಯಿರಿ. ಓವರ್‌ಕ್ಲಾಕ್ ಮಾಡಿದ್ದರೆ ಮೊದಲಿನ ಸ್ಥಿತಿಗೆ ತನ್ನಿ. ಎರಡು ರ‍್ಯಾಮ್‌ಗಳಿದ್ದರೆ ಒಂದೊಂದನ್ನೇ ಹಾಕಿ ಪರೀಕ್ಷಿಸಿ. ಇಷ್ಟಾದರೂ ದೊಡ್ಡ ಗೇಮ್‌ಗಳಲ್ಲಿ ಮಾತ್ರ ತೊಂದರೆಯಾದರೆ, ಕಾರ್ಡ್ ಒಮ್ಮೆಲೇ ಎಳೆಯುವ ವಿದ್ಯುತ್ತನ್ನು ಪವರ್ ಸಪ್ಲೈ ತಾಳುತ್ತಿಲ್ಲದಿರಬಹುದು. ಗೆಳೆಯನಿಂದ ಸಾಕಷ್ಟು ವ್ಯಾಟ್‌ನದೊಂದನ್ನು, ಅದರದೇ ಕೇಬಲ್‌ಗಳ ಸಹಿತ, ಎರವಲು ತಂದು ನೋಡಿ. ಆದರೆ ಆ ಪೆಟ್ಟಿಗೆಯನ್ನು ಎಂದೂ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರಬಹುದು.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಫಲಿತಾಂಶ ಬರೆದಿಡಿ. ದೋಷ ಖಚಿತವಾದ ಮೇಲೆಯೇ ಬಿಡಿಭಾಗ ಕೊಳ್ಳಿ. ಹೀಗೆ ಹುಡುಕಲು ಕಲಿತವರು ನಾಳೆ ನೆರೆಯವರ ಕಂಪ್ಯೂಟರನ್ನೂ ಸರಿಪಡಿಸಬಲ್ಲರು.