ಚಿತ್ರಶಾಲೆಯಲ್ಲಿ ಕಿವಿಗೇನು ಕೆಲಸ?

ಚಿತ್ರಪ್ರದರ್ಶನ ಕಣ್ಣಿನ ಹಬ್ಬ. ಅಲ್ಲಿ ಕಿವಿಗೇನು ಕೆಲಸವೆಂದು ನೀವು ಕೇಳಬಹುದು. ರೇಡಿಯೋ ಇರುವ ಮನೆಯವರು ಈ ಕಥೆಯನ್ನು ಅವಶ್ಯವಾಗಿ ಕೇಳಬೇಕು. ಏಕೆಂದರೆ ಇದು ಮೊದಲಾದದ್ದೇ ರೇಡಿಯೋದಿಂದ.

1952ರಲ್ಲಿ ಆಮ್‌ಸ್ಟರ್‌ಡ್ಯಾಂ ನಗರದ ಸ್ಟೆಡೆಲಿಕ್ ಕಲಾಸಂಗ್ರಹಾಲಯದವರು ಒಂದು ಹೊಸ ಉಪಾಯ ಹೂಡಿದರು. ಉಪನ್ಯಾಸವನ್ನು ಟೇಪಿನಲ್ಲಿ ಮುದ್ರಿಸಿಕೊಂಡು, ಚಿತ್ರಶಾಲೆಯಲ್ಲಿ ಸುತ್ತ ತಂತಿ ಎಳೆದು, ಹ್ರಸ್ವತರಂಗದಲ್ಲಿ ಅಷ್ಟರೊಳಗೇ ಪ್ರಸಾರ ಮಾಡಿದರು. ನೋಡಲು ಬಂದವರ ಕೈಗೊಂದು ಪುಟ್ಟ ರೇಡಿಯೋ, ಕಿವಿಗೆ ಹೆಡ್‌ಫೋನು. ಸೊಗಸಾದ ಏರ್ಪಾಡೇ ಸರಿ. ಆದರೆ ಪ್ರಸಾರವೆಂದ ಮೇಲೆ ಎಲ್ಲರಿಗೂ ಒಂದೇ ಮಾತು, ಒಂದೇ ಕ್ಷಣದಲ್ಲಿ. ಆದ್ದರಿಂದ ಇಡೀ ಗುಂಪು ಕವಾಯತಿನಂತೆ ಒಂದು ಚಿತ್ರದಿಂದ ಇನ್ನೊಂದಕ್ಕೆ ಸಾಗುತ್ತಿತ್ತು. ಒಂದರ ಮುಂದೆ ಇನ್ನೆರಡು ನಿಮಿಷ ನಿಲ್ಲೋಣವೆನ್ನಿಸಿದರೆ? ಉಪನ್ಯಾಸಕರು ಆಗಲೇ ಮುಂದೆ ಹೋಗಿಯಾಗಿದೆ!

ಈ ತೊಡಕು ಬಹುಮಟ್ಟಿಗೆ ಬಿಡಿಸಿತು. 2013ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯ ಗಾಯಕ ಡೇವಿಡ್ ಬೋವಿಯನ್ನು ಕುರಿತು ಪ್ರದರ್ಶನ ನಡೆಸಿದಾಗ, ನೋಡುವವರು ಯಾವ ವಸ್ತುವಿನ ಬಳಿಗೆ ಬಂದರೋ ಅದರ ಹಾಡು, ಮಾತು ತಾನಾಗಿಯೇ ಕಿವಿಯಲ್ಲಿ ಕೇಳಿಬರುತ್ತಿತ್ತು. ಕಾಲಿಗೆ ಸ್ವಾತಂತ್ರ್ಯ ಬಂತು. ಕಣ್ಣಿಗೆ ಬಂತೇ? ‘ಇಲ್ಲಿ ನೋಡಿ, ಹೀಗೆ ಅರ್ಥ ಮಾಡಿಕೊಳ್ಳಿ’ ಎಂದು ಕಿವಿಯಲ್ಲಿ ಯಾರಾದರೂ ಹೇಳುತ್ತಲೇ ಇದ್ದರೆ, ನೋಡುವವರು ನಾವೋ ಅವರೋ? (ಕಣ್ಣು ಕಾಣದವರಿಗೆ ಆ ವಿವರಣೆಯೇ ಕಣ್ಣು, ಈ ಆಕ್ಷೇಪಣೆ ಅವರ ಮಟ್ಟಿಗಲ್ಲ.)

ಕೆನಡಾ ದೇಶದ ಕಲಾವಿದೆ ಜಾನೆಟ್ ಕಾರ್ಡಿಫ್ ಹಿಡಿದ ದಾರಿಯೇ ಬೇರೆ. 1999ರಲ್ಲಿ ಅವರು ಲಂಡನ್ನಿನ ವೈಟ್‌ಚಾಪೆಲ್ ಗ್ರಂಥಾಲಯದಿಂದ ಹೊರಡುವ ಒಂದು ‘ಶ್ರವಣ ನಡಿಗೆ’ ರಚಿಸಿದರು. ಎರಡು ಕಿವಿಗಳಿರುವ ಜಾಗದಲ್ಲಿ ಎರಡು ಮೈಕುಗಳನ್ನಿಟ್ಟು ಶಬ್ದ ಹಿಡಿಯುವುದು ಅವರ ಪದ್ಧತಿ. ಹೆಡ್‌ಫೋನಿನಲ್ಲಿ ಕೇಳುವಾಗ ಬೆನ್ನ ಹಿಂದೆ ಯಾರೋ ನಡೆದು ಬಂದಂತಾಗಿ ನೀವು ತಿರುಗಿ ನೋಡುತ್ತೀರಿ; ಯಾರೂ ಇರುವುದಿಲ್ಲ. ಆಕೆಯೂ ದಾರಿ ಹೇಳುತ್ತಾರೆ, ನಿಜ. ಆದರೆ ಕಂಡದ್ದಕ್ಕೆ ಅರ್ಥ ಹೇಳಲು ಹೋಗುವುದಿಲ್ಲ.

ನನಗೆ ಇನ್ನೂ ಹಿಡಿಸಿರುವುದು ಅವರ 2001ರ ಕೃತಿ. ಇಂಗ್ಲೆಂಡಿನ ಥಾಮಸ್ ಟ್ಯಾಲಿಸ್ ಹದಿನಾರನೆಯ ಶತಮಾನದಲ್ಲಿ 40 ಕಂಠಗಳಿಗಾಗಿ ರಚಿಸಿದ ಭಕ್ತಿಗೀತೆಯನ್ನು ಕಾರ್ಡಿಫ್ ಕಂಠಕಂಠವನ್ನೂ ಬೇರೆಬೇರೆಯಾಗಿ ಮುದ್ರಿಸಿ, 40 ಧ್ವನಿವರ್ಧಕಗಳನ್ನು ಅಂಡಾಕಾರದಲ್ಲಿ ನಿಲ್ಲಿಸಿದರು. ಹೆಡ್‌ಫೋನಿಲ್ಲ, ವಿವರಣೆಯಿಲ್ಲ. ನಡುವೆ ನಿಂತರೆ ಇಡೀ ಮೇಳ. ಒಂದರ ಬಳಿಗೆ ಹೋದರೆ ಒಬ್ಬನೇ ಗಾಯಕ, ಅವನ ಉಸಿರು ಸಹ. ಎಲ್ಲಿ ನಿಲ್ಲಬೇಕು, ಯಾವಾಗ ಸರಿಯಬೇಕು ಎಂಬುದು ಕೇಳುವವರಿಗೇ ಬಿಟ್ಟದ್ದು. ಅಪರಿಚಿತರೂ ಅಲ್ಲಿ ಕೂಡಿಯೇ ಕೇಳುತ್ತಾರೆ.

ಹಾಡು ಸುಮಾರು 11 ನಿಮಿಷ. ಅದು ಮುಗಿದ ಮೇಲೆ ಮೂರು ನಿಮಿಷ ಬಿಡುವು. ಆಗಲೂ ಧ್ವನಿವರ್ಧಕಗಳು ಸುಮ್ಮನಿರುವುದಿಲ್ಲ. ಗಾಯಕರು ಕೆಮ್ಮುತ್ತಾರೆ, ಗಂಟಲು ಸರಿಪಡಿಸಿಕೊಳ್ಳುತ್ತಾರೆ, ಪಕ್ಕದವರೊಡನೆ ಹರಟುತ್ತಾರೆ. ಆಮೇಲೆ ಮತ್ತೆ ಹಾಡು.