ಸಭೆಯಲ್ಲಿ ಮಾತನಾಡುವವರಿಗೆ ಹಿಮ್ಮೇಳ ಬೇಕು

(ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ಭಾಗದ ಹಾಲು ಉತ್ಪಾದಕ ಸದಸ್ಯರಿಗೆ ಪಶುವೈದ್ಯ ವಿಸ್ತರಣಾಧಿಕಾರಿ ನೀಡಿದ ಉಪನ್ಯಾಸ)



ಪಶುವೈದ್ಯರು ಬಂದರೆ ರೋಗ, ಮೇವು, ಗರ್ಭಧಾರಣೆಯ ವಿಷಯ ಹೇಳುತ್ತಾರೆಂದು ತಾವು ತಿಳಿದಿರುವುದು ಸಹಜ. ಇಂದು ನಾನು ಆರಿಸಿಕೊಂಡ ವಿಷಯ ಬೇರೆ. ಸಂಘದ ಸಭೆಯಲ್ಲಿ ಎದ್ದು ನಿಂತು ಮಾತನಾಡುವುದನ್ನು ಕಲಿಯುವುದು ಹೇಗೆ, ಅದಕ್ಕೆ ಜೊತೆಗಾರರು ಏಕೆ ಬೇಕು ಎಂಬ ಬಗ್ಗೆ ನಾಲ್ಕು ಮಾತು ಹೇಳಬಯಸುತ್ತೇನೆ. ಇದೂ ಹಾಲಿನ ವಿಷಯವೇ.

ಕೊಟ್ಟಿಗೆಯಲ್ಲಿ ನಮ್ಮ ತಾಯಂದಿರು ಎಮ್ಮೆಯ ತೊಂದರೆ ಹೇಳುವುದನ್ನು ಕೇಳಬೇಕು. “ಸಾಹೇಬ್ರ, ನಿನ್ನೆ ಸಂಜೀಮುಂದ ಮೇವು ಬಿಟ್ಟೈತಿ, ಮೆಲುಕು ಹಾಕವಲ್ದು, ಎಡಕಿನ ಹಿಂದಿನ ಮೊಲಿ ಬಿಸಿ ಐತಿ” ಎಂದು ಮೂರು ಮಾತಿನಲ್ಲಿ ಕೆಚ್ಚಲು ಬಾವಿನ ಲಕ್ಷಣವನ್ನೆಲ್ಲ ಮುಂದಿಟ್ಟಿರುತ್ತಾರೆ. ಅದೇ ತಾಯಿ ಮಹಾಸಭೆಯಲ್ಲಿ ಹಿಂದಿನ ಸಾಲಿನಲ್ಲಿ ತುಟಿ ಬಿಚ್ಚದೆ ಕುಳಿತಿರುತ್ತಾರೆ. ಅವರಲ್ಲಿ ಮಾತಿಗೆ ಬರವಿಲ್ಲ, ತಿಳಿವಳಿಕೆಗೂ ಬರವಿಲ್ಲ. “ತಪ್ಪಿ ಮಾತಾಡಿದರ ಮಂದಿ ನಕ್ಕಾರು” ಎಂಬ ಅಂಜಿಕೆಯೊಂದೇ ಅಡ್ಡ. ಗಂಡಸರ ಸ್ಥಿತಿಯೂ ಇದಕ್ಕಿಂತ ಬಹಳ ಬೇರೆಯಾಗಿಲ್ಲ.

ಈ ಮೌನದಿಂದ ನಷ್ಟ ಯಾರಿಗೆ? ಗದಗ ಭಾಗದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದಂದಿನಿಂದ ನಮ್ಮ ನಾಡಿನಲ್ಲಿ ಸಹಕಾರ ಬೆಳೆದು ಬಂದಿದೆ. ಸಹಕಾರದಲ್ಲಿ ಹತ್ತು ಎಮ್ಮೆ ಕಟ್ಟಿದವರಿಗೂ ಒಂದೇ ಮತ, ಒಂದು ಆಕಳು ಸಾಕಿದವರಿಗೂ ಒಂದೇ ಮತ. ಲೆಕ್ಕಪತ್ರದ ಮಂಜೂರಾತಿ, ಲಾಭದ ಹಂಚಿಕೆ ಮುಂತಾದವು ಸಭೆಯ ಮುಂದೆಯೇ ಬರುತ್ತವೆ. “ಎಲ್ಲಾರ ಒಪ್ಪಿಗಿ ಐತಿ ಹೌದಿಲ್ಲೋ?” ಎಂದು ಕೇಳಿದಾಗ ಸುಮ್ಮನೆ ಕುಳಿತವರ ಮೌನವೂ ನಡಾವಳಿ ಪುಸ್ತಕದಲ್ಲಿ ಒಪ್ಪಿಗೆಯಾಗಿಯೇ ಸೇರುತ್ತದೆ. ಆಮೇಲೆ ಚಹಾದಂಗಡಿಯ ಮುಂದೆ ಎಷ್ಟು ಜೋರಾಗಿ ಮಾತನಾಡಿದರೂ ಅದನ್ನು ಬರೆದುಕೊಳ್ಳುವ ಪುಸ್ತಕವಿಲ್ಲ.

ಹಾಗಾದರೆ ಧೈರ್ಯ ಎಲ್ಲಿಂದ ಬರಬೇಕು? ನಮ್ಮ ಭಾಗದ ಗೀಗೀ ಮೇಳವನ್ನು ನೆನಪಿಸಿಕೊಳ್ಳಿ. ಮುಂದೆ ನಿಂತು ಹಾಡುವವರ ಹಿಂದೆ ತುಂತುಣಿ, ತಾಳದವರು ಇರುತ್ತಾರೆ. ಅವರು ಸೊಲ್ಲು ಎತ್ತಿಕೊಂಡಷ್ಟು ಹೊತ್ತು ಮುಂದಿನವರಿಗೆ ಉಸಿರು ಸಿಗುತ್ತದೆ, ಮುಂದಿನ ನುಡಿ ನೆನಪಾಗುತ್ತದೆ. ಹರದೇಶಿ ನಾಗೇಶಿ ವಾದದಲ್ಲಿ ಒಂದು ಮೇಳ ಗಂಡು ಹೆಚ್ಚೆಂದು, ಇನ್ನೊಂದು ಮೇಳ ಹೆಣ್ಣು ಹೆಚ್ಚೆಂದು ಹಾಡುತ್ತದೆ. ಎದುರಿನವರು ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತಲೇ ಹಾಡುಗಾರ ಪಳಗುತ್ತಾನೆ. ಹಿಂದೆ ಆಸರೆಯಾಗುವವರೂ ಬೇಕು, ಎದುರಿಗೆ ಪ್ರಶ್ನೆ ಕೇಳುವವರೂ ಬೇಕು.

ದೂರದ ಅಮೆರಿಕದಲ್ಲಿಯೂ ಇದೇ ತತ್ವ ನಡೆದಿದೆ. ಕ್ಯಾಲಿಫೋರ್ನಿಯಾದ ಸಾಂಟಾ ಆನಾ ಎಂಬ ಊರಿನಲ್ಲಿ ರಾಲ್ಫ್ ಸ್ಮೆಡ್ಲಿ ಎಂಬುವರು 1924ರಲ್ಲಿ ಟೋಸ್ಟ್‌ಮಾಸ್ಟರ್ಸ್ ಎಂಬ ಭಾಷಣ ಕೂಟ ಪ್ರಾರಂಭಿಸಿದರು. ಅಲ್ಲಿ ಸದಸ್ಯರೇ ಸರದಿಯಂತೆ ಮಾತನಾಡುತ್ತಾರೆ, ಸದಸ್ಯರೇ ತಿದ್ದುತ್ತಾರೆ, ಒಬ್ಬರು ಗಡಿಯಾರ ನೋಡುತ್ತಾರೆ. ಈಗ ಅಂತಹ ಕೂಟಗಳು ನೂರಕ್ಕೂ ಹೆಚ್ಚು ದೇಶಗಳಲ್ಲಿವೆ.

ನಮ್ಮ ಹಾಲಿನ ಡೇರಿಗಳಲ್ಲಿ ಇದನ್ನು ಖರ್ಚಿಲ್ಲದೆ ಮಾಡಬಹುದು:

1. ಆರರಿಂದ ಹತ್ತು ಸದಸ್ಯರು ಸೇರಿ ಒಂದು ಬಳಗ ಮಾಡಿಕೊಳ್ಳಿ. ಹದಿನೈದು ದಿನಕ್ಕೊಮ್ಮೆ ಸಂಜೆಯ ಹಾಲು ಹಾಕಿದ ಮೇಲೆ ಅರ್ಧ ತಾಸು ಕುಳಿತುಕೊಳ್ಳಿ. ಹೆಣ್ಣುಮಕ್ಕಳು ಸ್ವಸಹಾಯ ಸಂಘದ ವಾರದ ಸಭೆಯಲ್ಲಿಯೇ ಇದಕ್ಕೆ ಹೊತ್ತು ಇಟ್ಟುಕೊಳ್ಳಬಹುದು.

2. ಪ್ರತಿ ಸಲ ಮೂವರು ಎದ್ದು ನಿಂತು ಮೂರು ಮೂರು ನಿಮಿಷ ಮಾತನಾಡಲಿ. ವಿಷಯ ತಮ್ಮ ಕೊಟ್ಟಿಗೆಯದೇ ಇರಲಿ.

3. ಕೇಳಿದವರಲ್ಲಿ ಒಬ್ಬರು ತಮಗೆ ತಿಳಿದದ್ದನ್ನು ಮೊದಲು ತಿರುಗಿ ಹೇಳಲಿ. ಹೇಳಿದ್ದು ಒಂದು, ತಿಳಿದದ್ದು ಇನ್ನೊಂದು ಆಗಿದ್ದರೆ ಅಲ್ಲಿಯೇ ಗೊತ್ತಾಗುತ್ತದೆ.

4. ಒಂದು ಒಳ್ಳೆಯ ಅಂಶ, ತಿದ್ದಬೇಕಾದ ಒಂದು ಅಂಶ ಹೇಳಿ. ಬರೀ ಹೊಗಳಿದರೆ ಮಾತು ಸುಧಾರಿಸುವುದಿಲ್ಲ, ಬರೀ ತೆಗಳಿದರೆ ಮುಂದಿನ ಸಲ ಬರುವುದಿಲ್ಲ.

5. ಯಾರೂ ನಗಬಾರದು. ಅಲ್ಲಿ ತಪ್ಪಿದ್ದನ್ನು ಹೊರಗೆ ಆಡಬಾರದು.

ಒಂದು ಉದಾಹರಣೆ ಕೊಡುತ್ತೇನೆ. ಸದಸ್ಯರೊಬ್ಬರು “ನಮ್ಮ ಹಾಲಿಗೆ ಫ್ಯಾಟ್ ಸರಿ ಬರವಲ್ದು” ಎನ್ನುತ್ತಾರೆ. ಇದನ್ನೇ ಮಹಾಸಭೆಯಲ್ಲಿ ಹೇಳಿದರೆ ಜಗಳವಾಗಿ ಮುಗಿಯುತ್ತದೆ. ಬಳಗದಲ್ಲಿ ಹೇಳಿದರೆ ಜೊತೆಗಾರರು ಕೇಳುತ್ತಾರೆ: “ಯಾವ ದಿನದ್ದು ಅಣ್ಣಾ? ಚೀಟಿ ಅದಾವೇನು? ಮುಂಜಾನಿದೋ ಸಂಜೀದೋ?” ಹಿಂಡುವ ನಡುವಿನ ಅಂತರ ಕಡಿಮೆ ಇದ್ದರೆ ಫ್ಯಾಟ್ ಹೆಚ್ಚು ಬರುತ್ತದೆ. ಆದ್ದರಿಂದ ಸಾಮಾನ್ಯವಾಗಿ ಸಂಜೆಯ ಹಾಲಿನಲ್ಲಿ ಫ್ಯಾಟ್ ಹೆಚ್ಚು. ಒಣಮೇವು ಕಡಿಮೆ ಮಾಡಿ ಬರೀ ದಾಣಿ ಹೆಚ್ಚಿಸಿದರೆ ಫ್ಯಾಟ್ ಇಳಿಯುತ್ತದೆ. ಹಾಲನ್ನು ಚೆನ್ನಾಗಿ ಕಲಕದೆ ಸ್ಯಾಂಪಲ್ ತೆಗೆದರೂ ಅಂಕಿ ತಪ್ಪುತ್ತದೆ. ಈ ಪ್ರಶ್ನೆಗಳನ್ನು ದಾಟಿ ಬಂದವರಿಗೆ ತೊಂದರೆ ತಮ್ಮ ಗೋದಲಿಯಲ್ಲಿದೆಯೋ ಡೇರಿಯಲ್ಲಿದೆಯೋ ಎಂಬುದು ಗೊತ್ತಾಗಿರುತ್ತದೆ. ಡೇರಿಯಲ್ಲಿದ್ದರೆ ಮಹಾಸಭೆಯಲ್ಲಿ ಎದ್ದು, “ಹತ್ತು ದಿನದ ಚೀಟಿ ಇಲ್ಲಿವೆ. ಸ್ಯಾಂಪಲ್ ತೆಗೆಯುವ ಮೊದಲು ಹಾಲು ಕಲಕಬೇಕೆಂದು ಠರಾವು ಮಾಡಿರಿ” ಎನ್ನಬಹುದು. ಇದರಿಂದ ಕಾರ್ಯದರ್ಶಿಗೆ ಅವಮಾನವಿಲ್ಲ, ಎಲ್ಲ ಸದಸ್ಯರಿಗೂ ಲಾಭ.

ಇನ್ನೊಂದು ಮಾತು ನನ್ನ ಇಲಾಖೆಗೆ ಸಂಬಂಧಿಸಿದ್ದು. 2019ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ಬೇನೆಗೆ ಲಸಿಕೆ ಹಾಕಲಾಗುತ್ತಿದೆ. “ಸೂಜಿ ಹಾಕಿಸಿದರ ಹಾಲು ಇಳೀತೈತಿ” ಎಂದು ಒಬ್ಬರು ಹೇಳಿದರೆ ಓಣಿಯವರೆಲ್ಲ ದನ ಅಡಗಿಸುವುದುಂಟು. ಲಸಿಕೆಯ ನಂತರ ಕೆಲವು ದನಗಳಲ್ಲಿ ಒಂದೆರಡು ದಿನ ಹಾಲು ಸ್ವಲ್ಪ ಇಳಿಯಬಹುದು, ಮತ್ತೆ ಏರುತ್ತದೆ. ಬೇನೆ ಬಂದರೆ ಆ ಸೂಲಿನ ಹಾಲೇ ಹೋದೀತು, ಕರು ಸತ್ತೀತು. ಇದನ್ನು ನಾವು ಹತ್ತು ಸಲ ಹೇಳುವುದಕ್ಕಿಂತ, ಲಸಿಕೆ ಹಾಕಿಸಿದ ಸದಸ್ಯರೊಬ್ಬರು ತಮ್ಮ ಹಾಲಿನ ಚೀಟಿ ತೋರಿಸಿ ಒಂದು ಸಲ ಹೇಳಿದರೆ ಊರು ನಂಬುತ್ತದೆ. ಅಂತಹ ಸದಸ್ಯರು ಪ್ರತಿ ಊರಿನಲ್ಲಿದ್ದಾರೆ. ಅವರು ಎದ್ದು ನಿಲ್ಲಬೇಕಾಗಿದೆ, ಅಷ್ಟೇ.

ಬರುವ ಮಹಾಸಭೆಗೆ ಮೂರು ತಿಂಗಳು ಮೊದಲೇ ಬಳಗ ಕಟ್ಟಿರಿ. ಸಭೆಯ ದಿನ ನಿಮ್ಮ ಬಳಗದವರೆಲ್ಲ ಮಾತನಾಡುವವರಿಗೆ ಕಾಣುವಂತೆ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಿ. ಅವರು ನಡುವೆ ತಡವರಿಸಿದರೆ “ಹೇಳ್ರಿ ಅಕ್ಕಾರ, ಕೇಳಾಕತ್ತೇವಿ” ಎಂದು ಒಬ್ಬರಾದರೂ ಅನ್ನಿರಿ. ಅವರು ಮಾತು ಮುಗಿಸಿಯೇ ಕುಳಿತುಕೊಳ್ಳುತ್ತಾರೆ.

 ಈಗ ತಮ್ಮಲ್ಲಿ ಮೂವರು ಎದ್ದು ಬಂದು ಮೂರು ಮೂರು ನಿಮಿಷ ಮಾತನಾಡಬೇಕೆಂದು ವಿನಂತಿ. ಗಡಿಯಾರ ನಾನು ನೋಡುತ್ತೇನೆ.