ಹೊರುವ ಭಾರಕ್ಕೆ ದೇಹವೇ ಅಳತೆಗೋಲು



ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಭಾರ ಹೊರದ ಮನೆಯಿಲ್ಲ. ಶೇಂಗಾ ಹಾಗೂ ಮೆಕ್ಕೆಜೋಳದ ಚೀಲ, ತೆಂಗಿನಕಾಯಿಯ ಮೂಟೆ, ಅಡಿಕೆಯ ಗೊನೆ, ಮೇವಿನ ಹೊರೆ, ನೀರಿನ ಕೊಡ ಇವೆಲ್ಲವೂ ನಿಮ್ಮ ನಿತ್ಯದ ಸಂಗಾತಿಗಳು. ಆದರೂ ಒಬ್ಬ ಮನುಷ್ಯನು ಎಷ್ಟು ಭಾರವನ್ನು ಎತ್ತಬಲ್ಲನೆಂಬ ಪ್ರಶ್ನೆ ಬಂದಾಗ ನಾವು ನೆರೆಯವನನ್ನು ನೋಡಿ ಉತ್ತರ ಹೇಳುತ್ತೇವೆ. ಅದು ತಕ್ಕ ಅಳತೆಯಲ್ಲ. ಎತ್ತುವವನ ದೇಹದ ತೂಕವೇ ಮೊದಲ ಅಳತೆ.

ಗರಡಿಮನೆಯ ಹಿರಿಯರು ಈ ಮಾತನ್ನು ಬಲ್ಲರು. ಅಲ್ಲಿ ಹುಡುಗನು ಮೊದಲು ಬರಿಮೈಯಲ್ಲಿ ಬಸ್ಕಿ ಹೊಡೆಯುತ್ತಾನೆ. ಗುಂಡುಕಲ್ಲಿನ ಸರದಿ ಅನಂತರ ಬರುತ್ತದೆ. ಕುಕ್ಕರಗಾಲಿನಲ್ಲಿ ಕುಳಿತು ಏಳುವಾಗ ಕಾಲುಗಳು ಹೊರೆಯನ್ನಷ್ಟೇ ಅಲ್ಲ, ನಮ್ಮ ಮೈಯನ್ನೂ ಎತ್ತುತ್ತವೆ. 50 ಕಿಲೋ ತೂಗುವವನು 50 ಕಿಲೋ ಚೀಲದೊಡನೆ ಎದ್ದರೆ ಅವನ ಕಾಲುಗಳ ಮೇಲೆ ಬೀಳುವ ಭಾರ ಸುಮಾರು 100 ಕಿಲೋ.

ಹಾಗಾದರೆ ಸಾಧ್ಯವಾದುದೆಷ್ಟು? ಆರೋಗ್ಯವಂತ ಯುವಕನು ಕೆಲವು ತಿಂಗಳು ಕ್ರಮವಾಗಿ ಅಭ್ಯಾಸ ಮಾಡಿದರೆ, ತನ್ನ ತೂಕದಷ್ಟೇ ಭಾರವನ್ನು ಹೆಗಲ ಮೇಲಿಟ್ಟುಕೊಂಡು ಒಮ್ಮೆ ಕುಳಿತು ಏಳುವ ಮಟ್ಟಕ್ಕೆ ಬರಬಹುದು. ವರ್ಷಗಟ್ಟಲೆ ಸಾಧನೆ ಮಾಡಿದವರು ಒಂದೂವರೆ ಪಟ್ಟು ಮುಟ್ಟಬಹುದು. ಎರಡು ಪಟ್ಟು ಮುಟ್ಟುವವರು ವಿರಳ. ಸ್ತ್ರೀಯರ ಕಾಲಿನ ಬಲವು ಸರಾಸರಿಯಲ್ಲಿ ಪುರುಷರ ಬಲದ ಸುಮಾರು ಮೂರರಲ್ಲಿ ಎರಡು ಪಾಲು. ತೋಳಿನ ಬಲದಲ್ಲಿ ಅಂತರವು ಇನ್ನೂ ಹೆಚ್ಚು.

ನಮ್ಮ ಕುಂದಾಪುರದ ಕಡೆಯ ಗುರುರಾಜ ಪೂಜಾರಿಯವರು 2018ರ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕಿಲೋ ವಿಭಾಗದಲ್ಲಿ 138 ಕಿಲೋ ಭಾರವನ್ನು ತಲೆಯ ಮೇಲಕ್ಕೆತ್ತಿ ಬೆಳ್ಳಿಯ ಪದಕ ಗಳಿಸಿದರು. ಇದು ವಿಭಾಗದ ತೂಕದ ಸುಮಾರು ಎರಡೂವರೆ ಪಟ್ಟು. ಆದರೆ ಅದು ದೀರ್ಘಕಾಲದ ಶಿಕ್ಷಣದ ಫಲ. ಎತ್ತಿದ್ದೂ ಕೆಲವು ಕ್ಷಣ ಮಾತ್ರ. ದಿನವಿಡೀ ಲಾರಿಗೆ ಚೀಲ ತುಂಬುವ ಶ್ರಮಿಕನು ಆ ಲೆಕ್ಕವನ್ನು ಅನುಸರಿಸಲಾಗದು. ಒಮ್ಮೆ ಎತ್ತಬಲ್ಲ ಭಾರ ಬೇರೆ, ದಿನಕ್ಕೆ ನೂರು ಸಲ ಎತ್ತಬಲ್ಲ ಭಾರ ಬೇರೆ. ಒಬ್ಬ ವಯಸ್ಕ ಪುರುಷನು ಹೊರುವ ಭಾರದ ಮಿತಿ 55 ಕಿಲೋಗಿಂತ ಹೆಚ್ಚಿದ್ದಲ್ಲಿ ಅದನ್ನು ಇಳಿಸಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರಲ್ಲಿಯೇ ಸಲಹೆ ಮಾಡಿತು. ಸ್ತ್ರೀಯರಿಗೆ ಮಿತಿಯು ಅದಕ್ಕಿಂತ ಬಹಳ ಕಡಿಮೆಯಿರಬೇಕೆಂದೂ ಹೇಳಿತು. ಇದು ಮೀರಬಾರದ ಗಡಿಯೇ ಹೊರತು ಮುಟ್ಟಲೇಬೇಕಾದ ಗುರಿಯಲ್ಲ. ಚೀಲವು ಹೊರುವವನ ತೂಕವನ್ನು ಕೇಳುವುದಿಲ್ಲ, ನಾವೇ ಕೇಳಿಕೊಳ್ಳಬೇಕು.

ಈಗ ಮನೆಯೊಳಗಿನ ಲೆಕ್ಕ ನೋಡಿರಿ. ಒಂದು ಕೊಡದಲ್ಲಿ 15 ಲೀಟರ್ ನೀರು ಹಿಡಿದರೆ ಅದರ ತೂಕ 15 ಕಿಲೋ. ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತ 45 ಕಿಲೋ ತೂಕದ ತಾಯಿಯು, ಕೊಡದ ತೂಕವನ್ನು ಬಿಟ್ಟರೂ, ತನ್ನ ಮೈತೂಕದ ಮೂರರಲ್ಲಿ ಎರಡು ಪಾಲನ್ನು ಹೊತ್ತಿರುತ್ತಾಳೆ. ಆಕೆಗೆ ರಕ್ತಹೀನತೆಯಿದ್ದರೆ, ಗರ್ಭಿಣಿಯಾಗಿದ್ದರೆ ಅಥವಾ ಬಾಣಂತಿಯಾಗಿದ್ದರೆ ಇದು ಮಿತಿಮೀರಿದ ಹೊರೆ. ಹೆರಿಗೆಯಾದ ಮೊದಲ ಆರು ವಾರಗಳಲ್ಲಿ ಗರ್ಭಕೋಶವನ್ನು ಆಧರಿಸುವ ಸ್ನಾಯುಗಳು ಇನ್ನೂ ಸಡಿಲವಾಗಿರುತ್ತವೆ. ಆಗ ಭಾರ ಎತ್ತಿದರೆ ಗರ್ಭಕೋಶವು ಕೆಳಗೆ ಜಾರುವ ಸಂಭವ ಹೆಚ್ಚುತ್ತದೆ. ಆ ದಿನಗಳಲ್ಲಿ ಕೊಡವು ಪತಿಯ ಹೆಗಲಿಗೇರಲಿ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಸಂತಾನಶಕ್ತಿಹರಣ ಚಿಕಿತ್ಸೆ ಮಾಡಿಸಿಕೊಂಡರೆ ಮೂಟೆ ಹೊರುವ ಬಲ ಕುಂದುತ್ತದೆಯೆಂದು ಅನೇಕ ಪುರುಷರು ಹೆದರುತ್ತಾರೆ. ಈ ಹೆದರಿಕೆಗೆ ಆಧಾರವಿಲ್ಲ. ಈ ಚಿಕಿತ್ಸೆಯಲ್ಲಿ ವೀರ್ಯಾಣುಗಳು ಸಾಗುವ ನಾಳವನ್ನು ಮಾತ್ರ ಕಟ್ಟಲಾಗುವುದು. ಪುರುಷತ್ವವನ್ನೂ ಮಾಂಸಖಂಡಗಳ ಬಲವನ್ನೂ ಕಾಯುವ ರಸವು ಮೊದಲಿನಂತೆಯೇ ರಕ್ತಕ್ಕೆ ಸೇರುತ್ತಿರುತ್ತದೆ. ಎರಡು ದಿನಗಳ ನಂತರ ಸಾಮಾನ್ಯ ಕೆಲಸಕ್ಕೂ, ಒಂದು ವಾರದ ನಂತರ ಶ್ರಮದ ಕೆಲಸಕ್ಕೂ ಮರಳಬಹುದು. ಸ್ತ್ರೀಯರ ಚಿಕಿತ್ಸೆಯಲ್ಲಿ ಹೊಟ್ಟೆಯನ್ನು ತೆರೆಯಬೇಕಾದುದರಿಂದ ಪೂರ್ಣ ದುಡಿಮೆಗೆ ಮರಳಲು ಸುಮಾರು ಎರಡು ವಾರ ಬೇಕು. ಯಾರು ಚಿಕಿತ್ಸೆ ಪಡೆಯಬೇಕೆಂಬುದನ್ನು ಇಬ್ಬರೂ ಕುಳಿತು ವಿಚಾರಿಸುವಾಗ ಈ ಅಂತರವನ್ನೂ ಮನಸ್ಸಿಗೆ ತಂದುಕೊಳ್ಳಿರಿ.

ನಿಮ್ಮ ಮಿತಿಯನ್ನು ನೀವೇ ಪರೀಕ್ಷಿಸಿಕೊಳ್ಳಬಹುದು. ಮೊದಲು ಬರಿಗೈಯಲ್ಲಿ ನಿಧಾನವಾಗಿ ಇಪ್ಪತ್ತು ಸಲ ಕುಳಿತು ಏಳಿರಿ. ಮಂಡಿ ನೋಯದೆ, ಏದುಸಿರು ಬಾರದೆ ಇದು ಸಾಧ್ಯವಾದರೆ ಹಗುರವಾದ ಹೊರೆಯಿಂದ ಆರಂಭಿಸಿ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿರಿ. ಏಳುವಾಗ ಉಸಿರು ಕಟ್ಟಿದರೆ, ಬೆನ್ನು ಬಾಗಿದರೆ ಅಥವಾ ಮಂಡಿಗಳು ಒಳಗೆ ವಾಲಿದರೆ ಹೊರೆಯು ಮಿತಿ ಮೀರಿದೆಯೆಂದು ತಿಳಿಯಿರಿ. ಎತ್ತುವಾಗ ಸೊಂಟ ಬಗ್ಗಿಸದೆ ಮಂಡಿ ಮಡಿಸಿ ಕುಳಿತು, ಭಾರವನ್ನು ಮೈಗೆ ತಾಗಿಸಿ ಹಿಡಿದು, ಕಾಲಿನ ಬಲದಿಂದ ಏಳಿರಿ. ಭಾರ ಹಿಡಿದು ಸೊಂಟ ತಿರುಚದಿರಿ. ದೊಡ್ಡ ಚೀಲವನ್ನು ಎರಡಾಗಿ ಮಾಡಿರಿ, ಇಲ್ಲವೆ ಇಬ್ಬರು ಹಿಡಿಯಿರಿ. ಜಾತ್ರೆಯಲ್ಲಿ ಪಣಕಟ್ಟಿ ಕಲ್ಲೆತ್ತುವ ಹುಡುಗರಿಗೂ ಈ ಮಾತನ್ನು ತಿಳಿಸಿರಿ.

ತೊಡೆಸಂದಿನಲ್ಲಿ ಉಬ್ಬು, ಬೆನ್ನಿನಿಂದ ಕಾಲಿಗಿಳಿಯುವ ನೋವು, ಕೆಳಗೆ ಏನೋ ಜಾರಿದಂತಹ ಅನುಭವ ಇವುಗಳಲ್ಲಿ ಯಾವುದಾದರೂ ಕಂಡುಬಂದರೆ ಸಂಕೋಚವಿಲ್ಲದೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿರಿ. ಅಲ್ಲಿ ತೂಕ ನೋಡುವ ಯಂತ್ರವೂ ಇದೆ. ಪತಿ ಪತ್ನಿಯರಿಬ್ಬರೂ ನಿಮ್ಮ ನಿಮ್ಮ ತೂಕವನ್ನು ತಿಳಿದುಕೊಂಡು, ಅದಕ್ಕೆ ತಕ್ಕಂತೆ ಮನೆಯ ಹೊರೆಯನ್ನು ಹಂಚಿಕೊಳ್ಳಿರಿ.